ಹುಳ ಸಾಕಿದ ಅಂದಾಜಣ್ಣ

ನಮ್ಮ ಬೀದಿಯ ಕೊನೆಮನೆಯವನು ಹೊಟ್ಟೆಹುಳ ಸಾಕುತ್ತಿದ್ದಾನೆಂದು ಊರೆಲ್ಲ ಗುಲ್ಲೆದ್ದದ್ದಕ್ಕೆ, ಅದನ್ನು ವಿಚಾರಿಸಲು ಆರೋಗ್ಯ ನಿರೀಕ್ಷಕರು ಫಾರಂ ಹಿಡಿದು ಬಂದದ್ದಕ್ಕೆ, ಎಲ್ಲಕ್ಕೂ ಮೂಲ ನಾನೇ ಎಂದು ಕೆಲವರು ಇವತ್ತಿಗೂ ಹೇಳುತ್ತಾರೆ. ಹೇಳಲಿ. ನಾನು ದರ್ಜಿ. ನನ್ನ ಅಂಗಡಿ ಆ ಮನೆಗೆ ಅಂಟಿಕೊಂಡೇ ಇದೆ. ಮಿಷನ್ ತುಳಿಯುವಾಗ ಕಾಲಿಗೆ ಕೆಲಸ, ಕೈಗೆ ಕೆಲಸ, ಕಣ್ಣಿಗೆ ಕೆಲಸ. ಕಿವಿ ಮಾತ್ರ ಖಾಲಿ. ಖಾಲಿ ಕಿವಿಗೆ ಏನಾದರೂ ಬಂದು ಬಿದ್ದರೆ ನಾನೇನು ಮಾಡಲಿ?

ಅವನ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ಅಂದಾಜಣ್ಣ. ಕೈಯಲ್ಲಿ ಗಡಿಯಾರ ಕಟ್ಟಿಕೊಂಡೇ ಆಕಾಶ ನೋಡಿ "ಅಂದಾಜು ಹತ್ತೂವರೆ" ಎನ್ನುವ ಆಸಾಮಿ. ಅಂಗಿ ಹೊಲಿಸಲು ಬಂದರೆ ಅಳತೆಗೆ ನಿಲ್ಲುವವನಲ್ಲ. "ಟೇಪು ಯಾಕೋ? ಕಣ್ಣಿಲ್ವಾ ನಿಂಗೆ? ಅಂದಾಜಿಗೆ ಹೊಲಿ" ಎನ್ನುತ್ತಿದ್ದ. ಹೊಲಿದೆ. ಆ ಅಂಗಿಯ ಹೊಟ್ಟೆಯ ಮೇಲಿನ ಗುಂಡಿ ಇವತ್ತಿನವರೆಗೂ ತನ್ನ ಕಾಜವನ್ನು ಮುಟ್ಟಿಲ್ಲ.

ಮನೆಯ ಹಿಂದೆ ಕುರಿದೊಡ್ಡಿ. ಅಲ್ಲಿ ನಲವತ್ತೆರಡು ಕುರಿ. ಮಂದೆ ಅವನದಲ್ಲ, ಅವನ ಹೆಂಡತಿಯದು. ಆಕೆಯನ್ನು ನಾನು ಅತ್ತಿಗೆ ಎನ್ನುತ್ತೇನೆ. ತಾಯಿ ಕೊಟ್ಟ ಎರಡು ಕುರಿಗಳಿಂದ ಹದಿನೆಂಟು ವರ್ಷದಲ್ಲಿ ಅಷ್ಟು ಮಾಡಿದವರು ಅತ್ತಿಗೆ. ಅಂದಾಜಣ್ಣನ ಪಾಲಿನ ದೊಡ್ಡ ಕೆಲಸವೆಂದರೆ ವರ್ಷಕ್ಕೆ ನಾಲ್ಕು ಸಲ ಅಷ್ಟಕ್ಕೂ ಹುಳದ ಔಷಧಿ ಕುಡಿಸುವುದು. ಟಗರಿಗೆ ಒಂದು ಗುಟುಕು, ಮರಿಗೆ ಅರ್ಧ ಗುಟುಕು, ಎಲ್ಲವೂ ಅಂದಾಜು. ಔಷಧಿ ಬರುತ್ತಿದ್ದದ್ದು ಅತ್ತಿಗೆಯ ಅಣ್ಣನ ಅಂಗಡಿಯಿಂದ. ಅವರೂ ಅಂದಾಜಣ್ಣನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದರಿಂದ, ಯಾರು ಯಾರಿಗೆ ಬೈದರೆಂಬುದು ಗೊತ್ತಾಗಲೆಂದು ನಾನು ಇವರನ್ನು ಔಷಧಿ ಭಾವ ಎನ್ನುತ್ತೇನೆ.

ಇಷ್ಟು ಔಷಧಿ ಕುಡಿಸಿಯೂ ಹೋದ ವರ್ಷ ಮೂರು ಮರಿ ಗದ್ದ ಊದಿಕೊಂಡು ಸತ್ತವು. ಈ ವರ್ಷ ಹುಲ್ಲು ಚಿಗುರುತ್ತಿದ್ದಂತೆ ಇನ್ನೆರಡು ಹೋದವು. ಔಷಧಿ ಭಾವ ದುಮುದುಮು ಎನ್ನುತ್ತ ಬಂದರು. ಅವರ ದನಿ ನನ್ನ ಮಿಷನ್ನಿನ ಸದ್ದಿಗಿಂತ ದೊಡ್ಡದು.

"ನೋಡಮ್ಮ, ಅಮ್ಮ ಕೊಟ್ಟ ಕುರಿ ಹೀಗೆ ಒಂದೊಂದೇ ಸಾಯೋದನ್ನ ನೋಡ್ಕೊಂಡು ಸುಮ್ನಿರೋಕೆ ನನ್ನಿಂದಾಗಲ್ಲ. ಇನ್ನೊಂದು ಹೋಗ್ಲಿ, ವ್ಯಾನ್ ತಂದು ಮಂದೆನೇ ನನ್ನ ದೊಡ್ಡಿಗೆ ಸಾಗಿಸ್ತೀನಿ."

ಅಂದಾಜಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಅಣ್ಣನ ಮೇಲೆ ಎಗರುತ್ತಾರೆ ಎಂದು ಅವನೂ ಅಂದುಕೊಂಡಿದ್ದ, ಗೋಡೆಯ ಈಚೆಗಿದ್ದ ನಾನೂ ಅಂದುಕೊಂಡಿದ್ದೆ. ಅತ್ತಿಗೆ "ಆಗ್ಲಿ ಅಣ್ಣ" ಎಂದು ಒಳಗೆ ಹೋಗಿ ಮಲಗಿದರು.

ಐದು ನಿಮಿಷದಲ್ಲಿ ಅಂದಾಜಣ್ಣ ನನ್ನ ಅಂಗಡಿಯ ಸ್ಟೂಲಿನ ಮೇಲಿದ್ದ. "ಹದಿನೆಂಟು ವರ್ಷ ಕಣೋ. ಒಂದೇ ಮಾತಲ್ಲಿ ಆಗ್ಲಿ ಅಂದುಬಿಟ್ಲು. ನನ್ನ ಮೇಲಿನ ನಂಬಿಕೆನೇ ಹೊರಟೋಯ್ತು ಅವಳಿಗೆ." ನನಗೂ ಪಾಪ ಅನ್ನಿಸಿ ಟೀ ತರಿಸಿದೆ.

ಮಾರನೆಯ ದಿನ ಅವನು ಪಶು ಆಸ್ಪತ್ರೆಗೆ ಹೋದ. ಅಲ್ಲಿನ ಡಾಕ್ಟರಮ್ಮ ಅವನನ್ನು ಅರ್ಧ ದಿನ ಕೂರಿಸಿಕೊಂಡು ಪಾಠ ಹೇಳಿ, ಒಂದು ಕಾರ್ಡು ಕೊಟ್ಟು ಕಳಿಸಿದರು. ಕಾರ್ಡಿನಲ್ಲಿ ಕುರಿಯ ಕಣ್ಣಿನ ಐದು ಚಿತ್ರ. ಒಂದನೆಯದರಲ್ಲಿ ಕೆಳರೆಪ್ಪೆಯ ಒಳಗಡೆ ಕಡುಗೆಂಪು, ಐದನೆಯದರಲ್ಲಿ ಸುಣ್ಣ ಬಳಿದಷ್ಟು ಬಿಳಿ. ಹೊಟ್ಟೆಯ ಹುಳ ರಕ್ತ ಹೀರಿದಷ್ಟೂ ರೆಪ್ಪೆ ಬಿಳಿಚುತ್ತದೆ. ನಾಲ್ಕು, ಐದು ಬಂದ ಕುರಿಗೆ ತೂಕ ನೋಡಿ ಔಷಧಿ. ಒಂದು, ಎರಡು ಇದ್ದರೆ ಔಷಧಿ ಬೇಡ. ಮೂರು ಬಂದರೆ ವಾರ ಬಿಟ್ಟು ಮತ್ತೆ ನೋಡುವುದು. ಹುಳದ ಮರಿಗಳು ಹತ್ತಿ ಕೂರುವ, ನೀರಿನ ತೋಡಿನ ಪಕ್ಕದ ತೇವದ ಹುಲ್ಲಿಗೆ ಕೆಲವು ವಾರ ಮಂದೆ ಬಿಡಬಾರದು. ಇಷ್ಟೇ ಪಾಠ.

ಅರ್ಧ ದಿನದ ವಿದ್ಯೆಯಿಂದ ಮನುಷ್ಯ ಎಷ್ಟು ಉಬ್ಬಬಹುದೆಂದು ನಾನು ನೋಡಿದ್ದು ಆಗಲೇ. ಕಾರ್ಡಿಗೆ ನನ್ನಿಂದ ಒಂದು ಚೀಲ ಹೊಲಿಸಿದ, ಕೊರಳಿಗೆ ಹಾಕಿಕೊಳ್ಳಲು ಪಟ್ಟಿ ಇಡಿಸಿದ. ಎದೆಯ ಮೇಲೆ ಕಾರ್ಡು ಇಳಿಬಿಟ್ಟು ಬೀದಿಯಲ್ಲಿ ನಡೆದರೆ ಗುರುತಿಲ್ಲದವರು ಎದ್ದು ನಿಂತು ನಮಸ್ಕಾರ ಹಾಕುತ್ತಿದ್ದರು. ಕೈ ಪಳಗಲಿ ಎಂದು ಸಿಕ್ಕವರ ಕಣ್ಣರೆಪ್ಪೆ ಜಗ್ಗತೊಡಗಿದ. ಎದುರಿನ ಕ್ಷೌರದಂಗಡಿಯವನು ಎರಡು. ನಾನು ಒಂದು. "ನೀನು ಕುರಿ ಆಗಿದ್ರೆ ಔಷಧಿ ಖರ್ಚೇ ಇರ್ತಿರ್ಲಿಲ್ಲ" ಎಂದು ನನ್ನ ಬೆನ್ನು ತಟ್ಟಿದ. ಹೊಗಳಿಕೆ ಎಂದುಕೊಂಡೆ. ಹೆಂಡತಿಯ ಹತ್ತಿರ ಮಾತ್ರ ಅವನ ಆಟ ನಡೆಯಲಿಲ್ಲ. "ನನ್ನ ಕಣ್ಣಿಗೆ ಕೈ ತಂದ್ರೆ ಈ ಸೌಟು ಎಲ್ಲಿ ಬೀಳತ್ತೆ ಅಂತ ಹೇಳಕ್ಕಾಗಲ್ಲ ರೀ" ಎಂದರು ಅತ್ತಿಗೆ.

ನಲವತ್ತೆರಡರಲ್ಲಿ ಹನ್ನೊಂದು ಕುರಿ ಬಿಳಿಚಿದ್ದವು. ಅವಕ್ಕೆ ತೂಕ ನೋಡಬೇಕಲ್ಲ? ಕ್ಷೌರದಂಗಡಿಯಲ್ಲಿ ಗಿರಾಕಿಗಳು ಹತ್ತಿ ನಿಲ್ಲುವ ತೂಕದ ಯಂತ್ರ ತಂದ. ಕುರಿಯನ್ನು ತಬ್ಬಿಕೊಂಡು ತಾನು ಹತ್ತಿ ನಿಲ್ಲುವುದು, ಒಟ್ಟು ತೂಕದಲ್ಲಿ ತನ್ನ ತೂಕ ಕಳೆಯುವುದು. ಲೆಕ್ಕ ಬರೆಯಲು ನಾನು ಕೂತೆ. ಎರಡು ತಿಂಗಳ ಮರಿ ಇಪ್ಪತ್ತಾರು ಕಿಲೋ ಬಂತು. ಒಂದು ಬಡಕಲು ಕುರಿ ನಲವತ್ತೊಂಬತ್ತು ತೂಗಿತು.

ಬಾಗಿಲಿಗೆ ಒರಗಿ ನೋಡುತ್ತಿದ್ದ ಅತ್ತಿಗೆ ಕೇಳಿದರು, "ನಿಮ್ಮ ತೂಕ ಎಷ್ಟು ಅಂತ ಕಳೀತಿದೀರಿ?"

"ಐವತ್ತೆಂಟು."

"ಯಾವಾಗ ನೋಡಿದ್ದು?"

"ನಮ್ಮ ಮದುವೆ ವಾರ."

"ಕುರಿ ದಪ್ಪ ಆಗಿಲ್ಲ ರೀ. ನೀವು ಆಗಿದೀರಿ."

ಒಬ್ಬನೇ ಹತ್ತಿ ನಿಂತಾಗ ಮುಳ್ಳು ಎಪ್ಪತ್ತೊಂದಕ್ಕೆ ಹೋಗಿ ನಿಂತಿತು. ಅಂದಾಜಣ್ಣ ಯಂತ್ರ ಕೆಟ್ಟಿದೆಯೆಂದು ನನ್ನನ್ನು ಹತ್ತಿಸಿ ನೋಡಿದ. ಯಂತ್ರ ಚೆನ್ನಾಗಿಯೇ ಇತ್ತು. ಹನ್ನೊಂದನ್ನೂ ಮತ್ತೆ ಎತ್ತಿ, ಮತ್ತೆ ಕಳೆದು, ಡಾಕ್ಟರಮ್ಮ ಕೊಟ್ಟ ಹೊಸ ಔಷಧಿಯನ್ನು ಸಿರಿಂಜಿನಲ್ಲಿ ಅಳೆದು ಕುಡಿಸಿದ. ಅವನ ಜೀವನದಲ್ಲೇ ಅಳೆದು ಮಾಡಿದ ಮೊದಲ ಕೆಲಸ ಅದು. ಕುಡಿಸಿದವು ಯಾವುವೆಂದು ಗೊತ್ತಾಗಲು ಕೊರಳಿಗೆ ಕೆಂಪು ಪಟ್ಟಿ ಕಟ್ಟಬೇಕೆಂದ. ನನ್ನ ಹತ್ತಿರ ವಕೀಲರ ಮನೆಯ ಪರದೆ ಹೊಲಿದು ಉಳಿದ ಕೆಂಪು ಬಟ್ಟೆಯಿತ್ತು. ಹನ್ನೊಂದು ಪಟ್ಟಿ ಕತ್ತರಿಸಿ ಕೊಟ್ಟೆ.

"ಉಳಿದ ಮೂವತ್ತೊಂದಕ್ಕೆ?" ಎಂದು ಕೇಳಿದೆ.

"ಕೊಡಂಗಿಲ್ಲ. ಎಲ್ಲಕ್ಕೂ ಕೊಟ್ರೆ ಔಷಧಿಗೆ ಬಗ್ಗೋ ಸಾಧು ಹುಳ ಎಲ್ಲಾ ಸತ್ತು, ಬಗ್ಗದ ಮೊಂಡ ಹುಳ ಮಾತ್ರ ಉಳಿದು ಸಂಸಾರ ಹೂಡ್ತವೆ. ಆಮೇಲೆ ಯಾವ ಔಷಧಿನೂ ನಾಟಲ್ಲ. ಇಷ್ಟು ವರ್ಷ ನಾನು ಅಂದಾಜಿಗೆ ಕಮ್ಮಿ ಕೊಟ್ಟು ಕೊಟ್ಟು ಮೊಂಡರನ್ನೇ ಬೆಳೆಸಿದೀನಂತೆ. ಅದಕ್ಕೇ ಗಟ್ಟಿಮುಟ್ಟಾಗಿರೋ ಕುರಿ ಹೊಟ್ಟೇಲಿ ಸಾಧು ಹುಳನ ಸ್ವಲ್ಪ ಉಳಿಸ್ಕೋಬೇಕು."

ಈ ಮಾತನ್ನು ನಾನು ಕ್ಷೌರದಂಗಡಿಯವನಿಗೆ ಹೇಳಿದ್ದು ನಿಜ. ಆದರೆ ನಾನು ಹೇಳಿದ್ದು "ಅಂದಾಜಣ್ಣ ಒಳ್ಳೇ ಹುಳ ಉಳಿಸ್ಕೊಳ್ತಿದಾನಂತೆ" ಎಂದಷ್ಟೇ. ಅವನು ಮೊದಲ ಗಿರಾಕಿಗೆ ಸೋಪು ಹಚ್ಚುವಷ್ಟರಲ್ಲಿ ಅದು "ಒಳ್ಳೇ ತಳಿಯ ಹುಳ ಸಾಕ್ತಿದಾನಂತೆ" ಆಯಿತು. ನಾಲ್ಕನೆಯ ಗಿರಾಕಿಯ ಗಡ್ಡ ಮುಗಿಯುವ ಹೊತ್ತಿಗೆ ಅಂದಾಜಣ್ಣನಿಗೆ ಹೊರದೇಶದಿಂದ ಹುಳದ ಆರ್ಡರು ಬಂದಿತ್ತು. ಅದಕ್ಕೂ ನಾನು ಹೊಣೆಯೇ?

ಮರುದಿನ ರಿಟೈರಾದ ಮೇಷ್ಟ್ರು ಮುಚ್ಚಳವಿರುವ ಡಬ್ಬಿ ಹಿಡಿದು ಬಂದರು. "ಹೂವಿನ ಗಿಡದ ಮಣ್ಣು ಗಟ್ಟಿಯಾಗಿದೆ ಕಣಪ್ಪ. ನಾಲ್ಕು ಜೊತೆ ಕೊಡು."

"ಇವು ಮಣ್ಣಲ್ಲಿ ಸಂಸಾರ ಮಾಡಲ್ಲ ಮೇಷ್ಟ್ರೇ. ದೊಡ್ಡವಾದ್ಮೇಲೆ ಹೊಟ್ಟೇಲೇ ಇರ್ಬೇಕು" ಎಂದು ಅಂದಾಜಣ್ಣ ವಿನಯದಿಂದ ಹೇಳಿದ. ಮೇಷ್ಟ್ರು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಸ್ವಂತ ಹೊಟ್ಟೆ ಹಿಡಿದುಕೊಂಡು ಹಿಂದೆ ಹಿಂದೆ ಸರಿದರು. ಅವತ್ತಿನಿಂದ ಅವರ ಮನೆಯವರು ನಮ್ಮ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಓಡಾಡಿದರು. ಉಳಿದ ಕುರಿಗಾರರು ತಮ್ಮ ಮಂದೆಯನ್ನು ಅವನ ನೆರಳಿಗೂ ಬಿಡಲಿಲ್ಲ.

ಸುದ್ದಿ ಔಷಧಿ ಭಾವನಿಗೆ ಮುಟ್ಟಿತು. ಅವರು ಬಂದಾಗ ಅಂದಾಜಣ್ಣ ಹಿಕ್ಕೆಗಳನ್ನು ಆರಿಸಿ ಆರಿಸಿ ಊಟದ ಡಬ್ಬಿಗೆ ತುಂಬುತ್ತಿದ್ದ. ಹುಳದ ಮೊಟ್ಟೆ ಎಣಿಸಲು ಔಷಧಿಗೆ ಮುಂಚೆಯೇ ಒಂದು ಸಲ ಆಸ್ಪತ್ರೆಗೆ ಕೊಟ್ಟಿದ್ದ, ಆಮೇಲೂ ಆಗಾಗ ಕೊಡಬೇಕಿತ್ತು.

"ನನ್ನ ಔಷಧಿ ಸರಿಯಿಲ್ಲ ಅಂತ ಊರೆಲ್ಲ ಹೇಳ್ತಿದೀಯಂತೆ?" ಎಂದು ಭಾವ ಗುಡುಗಿದರು.

"ಇಲ್ಲ ಭಾವ, ಔಷಧಿ ಸರಿಯಿತ್ತು. ನಾನೇ ಸರಿಯಿರ್ಲಿಲ್ಲ."

"ಮೂವತ್ತೊಂದು ಕುರಿಗೆ ಔಷಧಿನೇ ಕೊಡ್ದೆ ಬಿಟ್ಟಿದೀಯಂತೆ? ಹುಳ ಬೇಕು ಅಂತ ಇಟ್ಕೊಂಡಿದೀಯಂತೆ?"

"ಸ್ವಲ್ಪ ಇಟ್ಕೊಂಡಿದೀನಿ ಭಾವ."

ಭಾವ ಆಕಾಶ ನೋಡಿದರು, ತಂಗಿಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಬಾಯಿಬಿಟ್ಟು ಒಪ್ಕೊಂಡ! ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡೋದು ಯಾವಾಗ? ಔಷಧಿ ಕುಡಿಸಿದ ಹದಿನಾಲ್ಕನೇ ದಿನಾನಾ? ಅವತ್ತೇ ವ್ಯಾನ್ ತರ್ತೀನಿ. ನಲವತ್ತೆರಡರಲ್ಲಿ ಒಂದೇ ಒಂದು ಕಮ್ಮಿ ಇರ್ಲಿ, ಅಷ್ಟನ್ನೂ ಹತ್ತಿಸ್ತೀನಿ."

ಈ ಸಲವೂ ಅತ್ತಿಗೆ "ಆಗ್ಲಿ" ಎಂದರು. ನೀರಿನ ಬಕೆಟ್ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತರು. ಮೊದಲೆಲ್ಲ ಎರಡೆರಡು ಬಕೆಟ್ ಒಂದೇ ಉಸಿರಿಗೆ ಒಯ್ಯುತ್ತಿದ್ದವರು. ಗಂಡನ ಮೇಲಿನ ಸಿಟ್ಟಿಗೆ ಹೀಗೆ ಮುಖ ಊದಿಸಿ ಕೂರುತ್ತಾರೆ ಎಂದುಕೊಂಡೆ. ಕಟ್ಟೆಯ ಮೇಲೆ ಒಣಗಲು ಹಾಕಿದ್ದ ಕಾಲರಿನ ಬಟ್ಟೆ ಒದ್ದೆಯಾಯಿತಲ್ಲ ಎಂದು ಗೊಣಗಿದೆ ಕೂಡ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿಂದ ಮುಂದೆ ಅಂದಾಜಣ್ಣ ಮನುಷ್ಯನೇ ಆಗಿ ಉಳಿಯಲಿಲ್ಲ. ಬೆಳಗಾದರೆ ದೊಡ್ಡಿ, ಸಂಜೆಯಾದರೆ ದೊಡ್ಡಿ. ಒಂದು ಕುರಿ ಮಲಗಿದ್ದರೆ ಎಬ್ಬಿಸಿ ನೋಡುವನು, ನಿಂತಿದ್ದರೆ ಯಾಕೆ ಮಲಗಿಲ್ಲವೆಂದು ಚಿಂತೆ ಮಾಡುವನು. ಬೆಳಗಿನ ಇಬ್ಬನಿ ಆರುವ ತನಕ ಮಂದೆ ಹೊರಗೆ ಬಿಡನು. ಅಲ್ಲಿಯ ತನಕ ತಾನೇ ಒಣಮೇವು ಹೊತ್ತು ತಂದು ಹಾಕುವನು. ಏಳನೆಯ ದಿನ ಒಂದು ಮರಿ ಕೆಮ್ಮಿತೆಂದು ಅವನು ಊಟ ಬಿಟ್ಟ. ಎಂಟನೆಯ ದಿನ ಅದು ಜಿಗಿದಾಡಿತೆಂದು ನನ್ನ ಪಾಲಿನದನ್ನೂ ಸೇರಿಸಿ ಊಟ ಮಾಡಿದ.

ಹತ್ತನೆಯ ದಿನ ಆರೋಗ್ಯ ನಿರೀಕ್ಷಕರು ಬಂದರು. ಯಾರೋ ಅರ್ಜಿ ಹಾಕಿದ್ದರು. ಮೂಗಿಗೆ ಕರವಸ್ತ್ರ ಹಿಡಿದು, ಫಾರಂ ತೆಗೆದು, ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ಕೇಳಿದರು.

"ಇಲ್ಲಿ ಹುಳ ಸಾಕೋರು ಯಾರು?"

"ಸಾಕೋದು ಅಂತಲ್ಲ ಸಾರ್. ಉಳಿಸ್ಕೊಂಡಿರೋದು."

"ಎಷ್ಟಿದಾವೆ?"

"ಅಂದಾಜು ಹೇಳ್ಲಾ?"

"ಸರ್ಕಾರಿ ಫಾರಂ ಕಣ್ರೀ ಇದು! ಖಚಿತವಾಗಿ ಹೇಳಿ."

ಅಂದಾಜಣ್ಣ ಎದೆಯ ಚೀಲದಿಂದ ಚೀಟಿ ತೆಗೆದು ಓದಿದ. "ಹುಳದ ಲೆಕ್ಕ ಇಲ್ಲ ಸಾರ್. ಮೊಟ್ಟೆ ಲೆಕ್ಕ ಇದೆ. ಔಷಧಿಗೆ ಮುಂಚೆ ಗ್ರಾಮಿಗೆ ಮೂರು ಸಾವಿರದ ಇನ್ನೂರು."

ನಿರೀಕ್ಷಕರ ಬಾಯಿಂದ ಪೆನ್ನಿನ ಮುಚ್ಚಳ ಬಿತ್ತು. "ಮೊಟ್ಟೆ ಬೇರೆ ಇಡಿಸ್ತೀರಾ? ಎಲ್ಲಿ ಇಟ್ಟಿದೀರಿ ಅದನ್ನ?"

"ಆಸ್ಪತ್ರೆಗೆ ಕಳಿಸ್ಬಿಟ್ಟೆ ಸಾರ್. ಊಟದ ಡಬ್ಬೀಲಿ."

ನಿರೀಕ್ಷಕರು ಫಾರಂ ಮಡಚಿದರು. ಇಷ್ಟು ದೊಡ್ಡ ಜಾಲವಿದೆಯೆಂದು ಅವರಿಗೆ ಗೊತ್ತಿರಲಿಲ್ಲವಂತೆ. ಪಶು ಆಸ್ಪತ್ರೆಯೂ ಇದರಲ್ಲಿ ಸೇರಿದೆಯೆಂದರೆ ಡಾಕ್ಟರಮ್ಮನನ್ನೇ ಕರೆತಂದು ಮುಖಾಮುಖಿ ವಿಚಾರಣೆ ನಡೆಸುತ್ತೇನೆಂದು ಹೇಳಿ ಹೊರಟರು. ಹೋಗುವಾಗ ಅಂದಾಜಣ್ಣ ಅಭ್ಯಾಸಬಲದಿಂದ ಅವರ ಕಣ್ಣರೆಪ್ಪೆ ಜಗ್ಗಿ "ಎರಡು. ಚೆನ್ನಾಗಿದೀರಿ ಸಾರ್" ಎಂದ. ಅದನ್ನೂ ಅವರು ಬರೆದುಕೊಂಡರು.

ಹದಿನಾಲ್ಕನೆಯ ದಿನ ಬಂತು. ಬೆಳಗ್ಗೆ ಅಂದಾಜು ಒಂಬತ್ತಕ್ಕೆ, ಸರಿಯಾಗಿ ಹೇಳಬೇಕೆಂದರೆ ಒಂಬತ್ತು ಹತ್ತಕ್ಕೆ, ಔಷಧಿ ಭಾವನ ವ್ಯಾನ್ ಹಿಮ್ಮುಖವಾಗಿ ಬಂದು ದೊಡ್ಡಿಯ ಬಾಗಿಲಿಗೆ ನಿಂತಿತು. ಅದರ ಹಿಂದೆ ನಿರೀಕ್ಷಕರು. ಅವರ ಹಿಂದೆ ಸ್ಕೂಟರಿನಲ್ಲಿ ಡಾಕ್ಟರಮ್ಮ. ಕ್ಷೌರದಂಗಡಿಯವನು ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಬಂದ. ಗಿರಾಕಿಯೂ ಅರ್ಧ ಗಡ್ಡದಲ್ಲೇ ಬಂದ. ಮೇಷ್ಟ್ರು ದೂರದ ಗೋಡೆಯ ಮೇಲೆ ತಲೆ ಮಾತ್ರ ಇಟ್ಟರು.

ಭಾವ ಎಣಿಸಿದರು. ನಲವತ್ತೊಂದು. ಮತ್ತೆ ಎಣಿಸಿದರು. ನಲವತ್ತೊಂದೇ. ಅಂದಾಜಣ್ಣನ ಮುಖದಲ್ಲಿ ರಕ್ತವಿಲ್ಲ. ಅಷ್ಟರಲ್ಲಿ ವ್ಯಾನಿನೊಳಗಿಂದ "ಬ್ಯಾ" ಎಂದಿತು. ಹಿಂಬಾಗಿಲು ತೆರೆದಿದ್ದು ನೋಡಿ ಎಲ್ಲರಿಗಿಂತ ಮುಂಚೆ ಒಂದು ಮರಿ ಕೊರಳಲ್ಲಿ ಕೆಂಪು ಪಟ್ಟಿಯ ಸಮೇತ ಹತ್ತಿ ಕೂತಿತ್ತು. ಏಳನೆಯ ದಿನ ಕೆಮ್ಮಿದ ಮರಿ ಅದೇ.

"ನಲವತ್ತೆರಡು" ಎಂದು ನಾನೇ ಕೂಗಿದೆ.

ಡಾಕ್ಟರಮ್ಮ ಹಿಕ್ಕೆ ಪರೀಕ್ಷೆಯ ಕಾಗದ ತೆಗೆದರು. "ಔಷಧಿ ಕುಡಿಸಿದ ಕುರಿಗಳಲ್ಲಿ ಮೂರು ಸಾವಿರದ ಇನ್ನೂರು ಇದ್ದ ಮೊಟ್ಟೆ ಎಂಬತ್ತಕ್ಕೆ ಇಳಿದಿದೆ. ಹೊಸ ಔಷಧಿ ನಾಟಿದೆ. ಇವರು ಹುಳ ಸಾಕ್ತಿಲ್ಲ ಸಾರ್, ಕುರಿ ಸಾಕ್ತಿದಾರೆ. ಬೇಕಾದ್ದಕ್ಕೆ ಮಾತ್ರ, ಬೇಕಾದಷ್ಟು ಮಾತ್ರ ಔಷಧಿ ಕೊಟ್ರೆ ಔಷಧಿ ಬಹಳ ವರ್ಷ ಕೆಲಸ ಮಾಡತ್ತೆ. ಊರಲ್ಲಿ ಇದನ್ನ ಮೊದಲು ಮಾಡಿದೋರು ಇವರೇ."

ನಿರೀಕ್ಷಕರು ಫಾರಂ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಔಷಧಿ ಭಾವ ಕೆಮ್ಮಿದರು, ಅಂಗಿ ಸರಿಮಾಡಿಕೊಂಡರು. "ಇರ್ಲಿ ಬಿಡು ಭಾವ, ನೀನೇ ಗೆದ್ದೆ" ಎಂದರು. ಅವರು ಕೂಗಾಡುವ ಮನುಷ್ಯ, ಕೆಟ್ಟ ಮನುಷ್ಯ ಅಲ್ಲ.

ಅಂದಾಜಣ್ಣ ಹೆಂಡತಿಯ ಕಡೆ ತಿರುಗಿದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಅತ್ತಿಗೆ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು.

"ಅಣ್ಣ," ಎಂದರು ಮೆಲ್ಲಗೆ, "ವ್ಯಾನ್ ಹೇಗೂ ಬಂದಿದೆ. ಹತ್ತಿಸ್ಕೊಂಡು ಹೋಗು. ನನ್ನ ಕೈಲಿ ಇನ್ನು ಆಗಲ್ಲ."

ಅಂದಾಜಣ್ಣ ನಿಂತಲ್ಲೇ ನಿಂತ. "ಎಲ್ಲಾ ಸರಿಹೋಯ್ತಲ್ಲೇ," ಎಂದ, "ಈಗಲೂ ನಂಬಿಕೆ ಇಲ್ವಾ ನಿಂಗೆ?"

"ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಯಾರು ಹೇಳಿದ್ರು? ಬಕೆಟ್ ಎತ್ತಿದ್ರೆ ಕಣ್ಣು ಕತ್ತಲೆ ಬರತ್ತೆ. ಮೆಟ್ಲು ಹತ್ತಿದ್ರೆ ಎದೆ ಬಡ್ಕೊಳತ್ತೆ. ಆರು ತಿಂಗ್ಳಾಯ್ತು. ಕುರಿ ಗಲಾಟೇಲಿ ಇದನ್ನ ಎಲ್ಲಿ ಹೇಳ್ಲಿ ಅಂತ ಸುಮ್ನಿದ್ದೆ."

ಅಂದಾಜಣ್ಣ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೌಟಿನ ಭಯ ಮರೆತು, ಹೆಬ್ಬೆರಳಿನಿಂದ ಅವರ ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿದ. ಅತ್ತಿಗೆ ಬೇಡವೆನ್ನಲಿಲ್ಲ. ಕಾರ್ಡನ್ನು ಪಕ್ಕಕ್ಕೆ ಹಿಡಿದ. ನೋಡಿದ. ಬೆಳಕಿನ ಕಡೆಗೆ ತಿರುಗಿಸಿ ಮತ್ತೆ ನೋಡಿದ. ಇನ್ನೊಂದು ಕಣ್ಣು ನೋಡಿದ.

"ನಾಲ್ಕು" ಎಂದ. "ಅಂದಾಜಲ್ಲ ಡಾಕ್ಟರಮ್ಮ. ನಾಲ್ಕೇ."

ಡಾಕ್ಟರಮ್ಮ ಬಗ್ಗಿ ನೋಡಿದರು. "ಆ ಕಾರ್ಡು ಕುರಿಗೆ ಮಾತ್ರ. ಆದ್ರೆ ಬಿಳಿಚಿರೋದಂತೂ ನಿಜ. ಈಗಲೇ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ."

ಊರಿನ ಕಣ್ಣೆಲ್ಲ ನೋಡಿದವನು ಪಕ್ಕದಲ್ಲಿ ಮಲಗುವವಳ ಕಣ್ಣು ನೋಡಿರಲಿಲ್ಲ. ಹದಿನಾಲ್ಕು ದಿನ ಆಕೆ ನನ್ನ ಕಟ್ಟೆಯ ಮೇಲೆ ಏದುಸಿರು ಬಿಡುತ್ತ ಕೂತರೂ ನನ್ನ ಖಾಲಿ ಕಿವಿಗೆ ಅದು ಕೇಳಿರಲಿಲ್ಲ. ಔಷಧಿ ಭಾವ ಮರಿಯನ್ನು ವ್ಯಾನಿನಿಂದ ಎತ್ತಿ ಕೆಳಗಿಳಿಸಿ, ಹೆಗಲ ವಸ್ತ್ರದಿಂದ ಸೀಟು ಒರೆಸಿ, ತಂಗಿಯ ಕೈ ಹಿಡಿದು ಹತ್ತಿಸಿದರು. ಕುರಿ ಸಾಗಿಸಲು ಬಂದ ವ್ಯಾನ್ ಅತ್ತಿಗೆಯನ್ನು ಆಸ್ಪತ್ರೆಗೆ ಸಾಗಿಸಿತು.

ಹನ್ನೆರಡು ಇರಬೇಕಾದ ರಕ್ತದ ಅಂಶ ಏಳಕ್ಕೆ ಇಳಿದಿತ್ತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಮೂರು ತಿಂಗಳು ಕಬ್ಬಿಣದ ಮಾತ್ರೆ, ಭಾರ ಎತ್ತಬಾರದು, ಜೊತೆಗೆ ಒಂದು ಹೊಟ್ಟೆಹುಳದ ಮಾತ್ರೆಯನ್ನೂ ಕೊಟ್ಟು ಕಳಿಸಿದರು. ಮಂದೆ ಎಲ್ಲಿಗೂ ಹೋಗಲಿಲ್ಲ. ಔಷಧಿ ಭಾವ ಈಗ ಅಂಗಡಿ ತೆರೆಯುವ ಮುಂಚೆ ಬಂದು ನಲವತ್ತೆರಡಕ್ಕೂ ನೀರು ಹೊರುತ್ತಾರೆ, ಹೊರುವಾಗಲೂ ಕೂಗಾಡುತ್ತಾರೆ. ಅವರ ಅಂಗಡಿಯಲ್ಲಿ "ಕುರಿಯ ತೂಕ ಹೇಳದವರಿಗೆ ಔಷಧಿ ಇಲ್ಲ" ಎಂಬ ಬೋರ್ಡು ಬಿದ್ದಿದೆ.

ಹತ್ತು ದಿನದ ಮೇಲೆ ಅತ್ತಿಗೆ ನನ್ನ ಅಂಗಡಿಗೆ ಬಂದರು. ಕಟ್ಟೆಯ ಮೇಲೆ ಕೂರಲಿಲ್ಲ, ನಿಂತೇ ಮಾತಾಡಿದರು.

"ಆ ಕೆಂಪು ಬಟ್ಟೆ ಉಳಿದಿದ್ಯಾ?"

"ಇದೆ ಅತ್ತಿಗೆ. ಯಾವ ಕುರಿಗೆ?"

"ನಂಗೆ." ಎಡಗೈ ಮುಂದೆ ಚಾಚಿದರು. "ಮಾತ್ರೆ ತಗೊಂಡ್ಯಾ, ಮಾತ್ರೆ ತಗೊಂಡ್ಯಾ ಅಂತ ದಿನಕ್ಕೆ ಹನ್ನೊಂದು ಸಲ ಕೇಳ್ತಾರೆ ನಿಮ್ಮಣ್ಣ. ನಿನ್ನೆ ಮರೆತು ಎರಡನೇ ಸಲ ಕೊಡೋಕೆ ಬಂದ್ರು. ತಗೊಂಡ್ಮೇಲೆ ಇದನ್ನ ಕೈಗೆ ಕಟ್ಕೋತೀನಿ. ನೋಡಿ ಸುಮ್ನಾಗ್ಲಿ."

ಗೋಡೆಯ ಆಚೆ ಅಂದಾಜಣ್ಣ ಕೇಳಿಸಿಕೊಳ್ಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅವನ ಕೆಮ್ಮು ಕೇಳಿಸಿತ್ತು. ನಾನು ಬಟ್ಟೆ ತೆಗೆದು ಅವರ ಮಣಿಕಟ್ಟು ನೋಡಿ, ಕಣ್ಣಳತೆಯಲ್ಲೇ ಕತ್ತರಿ ಇಡಲು ಹೋದೆ.

"ಟೇಪು ತಗೋ" ಎಂದರು ಅತ್ತಿಗೆ. "ನಮ್ಮನೇಲಿ ಈಗ ಅಂದಾಜು ನಡೆಯಲ್ಲ."